ಓದುಗರ ಪ್ರಶ್ನೆ, ನಮ್ಮ ಉತ್ತರ: ದೋಣಿಯಲ್ಲಿ ಕುಳಿತು ಹಳೆಯ ಬಂದರನ್ನು ನೋಡುವುದು

ಹಿಂದಿನ ಸಂಚಿಕೆಯಲ್ಲಿ ಬಹಮನಿ ರಾಜ್ಯದ ವಜೀರ ಮಹಮೂದ್ ಗವಾನನು ಬೀದರಿನಲ್ಲಿ ಕಟ್ಟಿಸಿದ ಮದರಸಾದ ಬಗ್ಗೆ ಬರೆಯುವಾಗ, ಅವನು 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ಹಡಗಿನಿಂದ ಇಳಿದು ಬೀದರಿಗೆ ಬಂದನೆಂಬ ಒಂದು ಸಾಲನ್ನು ಸೇರಿಸಿದ್ದೆ. ಆ ಸಾಲನ್ನೇ ಹಿಡಿದುಕೊಂಡು ಓದುಗರು ಹಲವು ಪತ್ರಗಳನ್ನು ಬರೆದಿದ್ದಾರೆ. ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಗಳಿಂದ ಬಂದರು, ಧಕ್ಕೆ (ಹಡಗು, ದೋಣಿ ನಿಲ್ಲುವ ಕಟ್ಟೆ), ದೋಣಿಗಳ ಬಗ್ಗೆ ಇಷ್ಟು ಆಸ್ಥೆಯ ಪ್ರಶ್ನೆಗಳು ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿದೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಬೀದರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಮದರಸಾ ತೋರಿಸುತ್ತಿದ್ದಾಗ ಒಬ್ಬ ಹುಡುಗಿ, "ಅಕ್ಕೋರೆ, ಗವಾನ್ ಹಡಗಿನಿಂದ ಇಳಿದು ಮೊದಲು ಕಾಲಿಟ್ಟ ಕಲ್ಲು ಈಗಲೂ ಅದ ಏನ್ರಿ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಡಿಸೆಂಬರಿನಲ್ಲಿ ನಾನು ಮತ್ತು ನಮ್ಮ ಯಜಮಾನರು ದಾಭೋಳಕ್ಕೆ ಹೋಗಬೇಕೆಂದಿದ್ದೇವೆ. ಅಲ್ಲಿ ನೋಡಲು ಏನು ಉಳಿದಿದೆ? ಸಣ್ಣ ದೋಣಿಯಲ್ಲಿ ಹೋಗಿ ನೋಡಿದರೆ ಹೆಚ್ಚಿನದೇನಾದರೂ ತಿಳಿಯುತ್ತದೆಯೇ?

ಉತ್ತರ: ಆ ಹುಡುಗಿಯ ಪ್ರಶ್ನೆಯನ್ನು ಓದಿ ನಾನು ಸ್ವಲ್ಪ ಹೊತ್ತು ಪತ್ರವನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತೆ. ಇತಿಹಾಸವನ್ನು ಕೇಳಬೇಕಾದ ರೀತಿ ಅದೇ. ಅವಳಿಗೆ ನೇರವಾದ ಉತ್ತರ ಕೊಡುವುದಾದರೆ, ಇದೇ ಆ ಕಲ್ಲು ಎಂದು ಬೆರಳಿಟ್ಟು ತೋರಿಸುವಂಥದ್ದು ಅಲ್ಲಿಲ್ಲ, ಯಾರಾದರೂ ಹಾಗೆ ತೋರಿಸಿದರೆ ನಂಬಲು ಆತುರಪಡಬೇಡಿ. ಆದರೆ ಅವನು ಬಂದ ನೀರಿನ ದಾರಿ ಇದೆ, ಅದರ ಮೇಲೆ ನೀವು ಇಂದಿಗೂ ಹೋಗಬಹುದು.

ದಾಭೋಳವು ರತ್ನಾಗಿರಿ ಜಿಲ್ಲೆಯ ದಾಪೋಲಿ ತಾಲೂಕಿನಲ್ಲಿ, ವಾಶಿಷ್ಠಿ ನದಿ ಸಮುದ್ರ ಸೇರುವ ಅಳಿವೆಯ ಉತ್ತರ ದಂಡೆಯ ಮೇಲಿದೆ. ಬಹಮನಿ ರಾಜ್ಯಕ್ಕೆ ಪಶ್ಚಿಮ ಸಮುದ್ರದ ಬಾಗಿಲುಗಳಾಗಿದ್ದವು ಎಂದರೆ ಮುಖ್ಯವಾಗಿ ಈ ದಾಭೋಳ ಮತ್ತು ಅದರ ಉತ್ತರಕ್ಕಿರುವ ಚೌಲ್. ಕಲಬುರಗಿ ರಾಜಧಾನಿಯಾಗಿದ್ದ ಕಾಲದಲ್ಲೇ ಸುಲ್ತಾನ ಫಿರೋಜ್ ಷಾ ಪ್ರತಿವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗುಗಳನ್ನು ಕಳುಹಿಸುತ್ತಿದ್ದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಗವಾನನು ಇರಾನಿನ ಗೀಲಾನ್ ಪ್ರಾಂತದವನು. ವ್ಯಾಪಾರಿಯಾಗಿ ಬಂದು, ಬೀದರಿನಲ್ಲಿ ನಿಂತು, ವಜೀರನಾದ ಮೇಲೆ ಅವನು ಮಾಡಿದ ದೊಡ್ಡ ದಂಡಯಾತ್ರೆ ಕೊಂಕಣದ್ದೇ ಆಗಿತ್ತು ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ. ಸಮುದ್ರ ವ್ಯಾಪಾರಕ್ಕೆ ಅಡ್ಡ ಬರುತ್ತಿದ್ದ ಕೋಟೆಗಳನ್ನು ಒಂದೊಂದಾಗಿ ಗೆದ್ದು, 1472ರಲ್ಲಿ ಗೋವಾ ಬಂದರನ್ನೂ ವಿಜಯನಗರದಿಂದ ಕಸಿದುಕೊಂಡನು. ಬೀದರಿನ ಮದರಸಾ ಪೂರ್ಣಗೊಂಡದ್ದೂ ಅದೇ ವರ್ಷದಲ್ಲಿ ಎಂಬುದು ನನಗೆ ಬರಿಯ ಕಾಕತಾಳೀಯವಾಗಿ ತೋರುವುದಿಲ್ಲ. ಬಂದರಿನ ಹಣ ಮತ್ತು ಬಂದರಿನ ಮೂಲಕ ಬಂದ ವಿದ್ಯೆ ಎರಡೂ ಇಲ್ಲದೆ ಆ ಕಟ್ಟಡ ಏಳುತ್ತಿರಲಿಲ್ಲ.

ಅದೇ ಕಾಲದಲ್ಲಿ, ಅಂದರೆ 1470ರ ಆಸುಪಾಸಿನಲ್ಲಿ, ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಕುದುರೆಗಳನ್ನು ತುಂಬಿದ ಹಾಯಿಹಡಗಿನಲ್ಲಿ ಆರು ವಾರ ಪ್ರಯಾಣ ಮಾಡಿ ಚೌಲ್‌ಗೆ ಬಂದಿಳಿದನು. ತನ್ನೊಂದಿಗೆ ತಂದಿದ್ದ ಒಂದು ಗಂಡು ಕುದುರೆಯನ್ನು ಜುನ್ನರಿನ ಅಧಿಕಾರಿಯೊಬ್ಬ ಕಿತ್ತುಕೊಂಡಾಗ ಬಹಳ ಕಷ್ಟಪಟ್ಟು ಬಿಡಿಸಿಕೊಂಡು, ಕೊನೆಗೆ ಅದನ್ನು ನಿಮ್ಮ ಬೀದರಿನಲ್ಲಿಯೇ ಮಾರಿದನು. ಹಿಂತಿರುಗುವಾಗ ಅವನು ಹಡಗು ಹತ್ತಿದ್ದು ದಾಭೋಳದಲ್ಲಿ. ಗವಾನ್ ಒಳಗೆ ಬಂದ ಬಾಗಿಲಿನಿಂದಲೇ ನಿಕಿತಿನ್ ಹೊರಗೆ ಹೋದನು. ಈ ಇಬ್ಬರನ್ನು ಒಟ್ಟಿಗೆ ಇಟ್ಟು ಪಾಠ ಮಾಡಿದರೆ ಮಕ್ಕಳಿಗೆ ನಕ್ಷೆ ತಾನಾಗಿ ತೆರೆದುಕೊಳ್ಳುತ್ತದೆ.

ಇನ್ನು ದೋಣಿಯ ಮಾತು. ನಾನು ಮೊದಲ ಸಲ ದಾಭೋಳಕ್ಕೆ ಹೋದದ್ದು ಬಸ್ಸಿನಲ್ಲಿ. ಕಟ್ಟೆಯ ಮೇಲೆ ಅರ್ಧ ತಾಸು ನಿಂತು, ಮೀನಿನ ಬುಟ್ಟಿಗಳನ್ನೂ ನಿಂತ ದೋಣಿಗಳನ್ನೂ ನೋಡಿ, ಇಲ್ಲೇನೂ ಇಲ್ಲವೆಂದು ಬೇಸರದಿಂದ ಮರಳಿದ್ದೆ. ಎರಡನೆಯ ಸಲ ಒಬ್ಬ ಮೀನುಗಾರರ ಸಣ್ಣ ದೋಣಿಯಲ್ಲಿ ಅಳಿವೆಯ ಕಡೆಗೆ ಹೋಗಿ ಅಲ್ಲಿಂದ ಊರಿನತ್ತ ತಿರುಗಿದಾಗ, ಅದೇ ಸ್ಥಳ ಬೇರೆಯಾಗಿ ಕಂಡಿತು. ಬಂದರು ಯಾವಾಗಲೂ ನೀರಿನ ಕಡೆಗೆ ಮುಖ ಮಾಡಿಕೊಂಡು ಕುಳಿತಿರುತ್ತದೆ, ರಸ್ತೆಯಿಂದ ಹೋದವರಿಗೆ ಅದರ ಬೆನ್ನು ಮಾತ್ರ ಕಾಣುತ್ತದೆ. ನೀರಿನ ಮೇಲಿಂದ ನೋಡಿದಾಗ ದಕ್ಷಿಣದ ಗುಡ್ಡದ ಮೇಲೆ ಅಂಜನವೇಲಿನ ಗೋಪಾಲಗಡ ಕೋಟೆ ಏಕೆ ಅಲ್ಲಿಯೇ ನಿಂತಿದೆ ಎಂಬುದು ವಿವರಿಸದೆ ತಿಳಿಯುತ್ತದೆ. ಒಳಗೆ ಬರುವ ಪ್ರತಿಯೊಂದು ಹಡಗೂ ಅದರ ಕಣ್ಣಳತೆಯಲ್ಲಿ, ತೋಪಿನ (ಫಿರಂಗಿಯ) ಅಳತೆಯಲ್ಲಿ ಹಾದುಹೋಗಲೇಬೇಕು. ಆದಿಲ್‌ಶಾಹಿಗಳ ಕೋಟೆಯಾಗಿದ್ದ ಅದು ಆಮೇಲೆ ಜಂಜೀರಾ ದ್ವೀಪಕೋಟೆಯ ಸಿದ್ದಿ ದೊರೆಗಳ ಕೈಗೂ ಮರಾಠಾ ನೌಕಾಪಡೆಯ ನಾಯಕರಾದ ಆಂಗ್ರೆಗಳ ಕೈಗೂ ಹೋಯಿತು. ಅಳಿವೆಯನ್ನು ಹಿಡಿದವನೇ ಬಂದರನ್ನು ಹಿಡಿದ ಹಾಗೆ ಎಂಬುದು ಅವರೆಲ್ಲರಿಗೂ ಗೊತ್ತಿತ್ತು. ದೋಣಿ ಇನ್ನಷ್ಟು ಒಳಗೆ ಬಂದಂತೆ ದಂಡೆಯ ತೆಂಗಿನ ಮರಗಳ ನಡುವೆ 17ನೆಯ ಶತಮಾನದ ಆದಿಲ್‌ಶಾಹಿ ಮಸೀದಿಯ ಗುಮ್ಮಟವೂ ನಾಲ್ಕು ಮಿನಾರುಗಳೂ ಕಾಣತೊಡಗುತ್ತವೆ. ವಿಜಯಪುರದ ಕಟ್ಟಡಗಳನ್ನು ಕಂಡ ನಮ್ಮ ಕಡೆಯವರಿಗೆ ಅದರ ಗುರುತು ತಕ್ಷಣ ಹತ್ತುತ್ತದೆ.

ಒಂದು ವಿಷಯವನ್ನು ನಿಮ್ಮ ವಿದ್ಯಾರ್ಥಿನಿಗೆ ವಿಶೇಷವಾಗಿ ಹೇಳಬೇಕೆಂದು ಕೋರುತ್ತೇನೆ. ಆ ಕಾಲದ ದೊಡ್ಡ ಹಡಗುಗಳು ಸಾಮಾನ್ಯವಾಗಿ ಕಟ್ಟೆಗೆ ಬಂದು ಆನಿಕೊಳ್ಳುತ್ತಿರಲಿಲ್ಲ. ಆಳವಿದ್ದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕನ್ನೂ ಜನರನ್ನೂ ಸಣ್ಣ ದೋಣಿಗಳು ದಂಡೆಗೆ ಸಾಗಿಸುತ್ತಿದ್ದವು. ಹಾಗಾಗಿ ಸಣ್ಣ ದೋಣಿಯಲ್ಲಿ ಕುಳಿತು ದಾಭೋಳದ ದಂಡೆಯನ್ನು ಸಮೀಪಿಸುವ ನಿಮಗೆ, ಗವಾನನ ಕಣ್ಣಿಗೆ ಬಿದ್ದಿರಬಹುದಾದ ಗುಡ್ಡಗಳು, ಅಳಿವೆ, ಒಳಕ್ಕೆ ಬಾಗುವ ಹೊಳೆ ಅದೇ ಕ್ರಮದಲ್ಲಿ ಕಾಣುತ್ತವೆ. ಮಸೀದಿ ಮತ್ತು ಕೋಟೆ ಅವನ ನಂತರದವು ಎಂಬುದನ್ನು ಮಾತ್ರ ಮನಸ್ಸಿನಲ್ಲಿ ಕಳೆದು ನೋಡಬೇಕು.

ಹೋಗುವ ದಾರಿಯಲ್ಲಿಯೂ ಒಂದು ಆಯ್ಕೆ ಇದೆ. ಪುಣೆಯ ತನಕ ರೈಲಿನಲ್ಲಿ ಹೋಗಿ ಅಲ್ಲಿಂದ ರಸ್ತೆಯಲ್ಲಿ ದಾಪೋಲಿಗೆ ಇಳಿಯಬಹುದು. ನನಗೆ ಹೆಚ್ಚು ಇಷ್ಟವಾದದ್ದು ಸೋಲಾಪುರ, ಪಂಢರಪುರ, ಕರಾಡ ಮಾರ್ಗವಾಗಿ ಕುಂಭಾರ್ಲಿ ಘಾಟು ಇಳಿದು ಚಿಪಳೂಣಕ್ಕೆ ಹೋಗುವ ದಾರಿ. ಅಲ್ಲಿಂದ ಗುಹಾಗರ ಕಡೆಗೆ ಸಾಗಿ ಧೋಪಾವೆ ತಲುಪಿದರೆ, ವಾಹನಗಳನ್ನೂ ಹೊತ್ತೊಯ್ಯುವ ತಾರಿದೋಣಿ ನಿಮ್ಮನ್ನು ಹೊಳೆ ದಾಟಿಸಿ ದಾಭೋಳದಲ್ಲಿ ಇಳಿಸುತ್ತದೆ. ಊರಿಗೆ ಮೊದಲ ಸಲ ಕಾಲಿಡುವುದೇ ನೀರಿನ ಕಡೆಯಿಂದ ಆಗುತ್ತದೆ. ಘಾಟಿನ ತಿರುವುಗಳಲ್ಲಿ ಇಳಿಯುವಾಗ, ಇಂಥ ಘಾಟುಗಳನ್ನು ಹತ್ತಿಯೇ ಅರಬ್ಬೀ ಕುದುರೆಗಳು ನಮ್ಮ ಬಯಲಿಗೆ ಬರಬೇಕಿತ್ತು ಎಂಬುದನ್ನು ನೆನೆದುಕೊಳ್ಳಿ.

ಪ್ರಶ್ನೆ: ನಮ್ಮದು ಸುರಪುರ ತಾಲೂಕಿನ ಕೃಷ್ಣಾ ದಂಡೆಯ ಹಳ್ಳಿ. ನಮ್ಮ ತಂದೆಯವರು ಹರಿಗೋಲು ನಡೆಸುತ್ತಿದ್ದರು, ನಾನೂ ನಡೆಸಿದ್ದೇನೆ. ಸಮುದ್ರದ ದೋಣಿಗಳಿಗೆ ಸ್ಲಿಪ್‌ವೇ ಎಂಬ ಇಳಿಜಾರು ಕಟ್ಟೆ ಬೇಕಾಗುತ್ತದೆ ಎಂದು ಓದಿದೆ. ಹರಿಗೋಲಿಗೆ ಅಂಥದ್ದೇನೂ ಬೇಡ. ಆ ಕಟ್ಟೆ ಏಕೆ ಬೇಕು, ಅದನ್ನು ಸರಿಯಾಗಿ ನೋಡಬೇಕಾದರೆ ಯಾವ ಹೊತ್ತಿಗೆ ಹೋಗಬೇಕು?

ಉತ್ತರ: ಹರಿಗೋಲು ನಡೆಸಿದ ಕೈ ಕೇಳಿದ ಪ್ರಶ್ನೆ ಇದು ಎಂಬುದು ಓದುತ್ತಲೇ ತಿಳಿಯಿತು. ನಿಮ್ಮ ಹರಿಗೋಲು ಬಿದಿರಿನ ಹೆಣಿಗೆಯ ಗುಂಡನೆಯ ಬುಟ್ಟಿ. ಅದರ ಅಡಿ ಚಪ್ಪಟೆ, ತೂಕ ಹಗುರ. ಕೆಲಸ ಮುಗಿದ ಮೇಲೆ ಹೊತ್ತು ತಂದು ದಂಡೆಯ ಮೇಲೆ ಬೋರಲು ಹಾಕಿದರೆ ಆಯಿತು. ಸಮುದ್ರದ ಮರದ ದೋಣಿಗೆ ಅಡಿಯ ಉದ್ದಕ್ಕೂ ಬೆನ್ನುಮೂಳೆಯಂಥ ದಪ್ಪ ಮರವಿರುತ್ತದೆ. ಅಲೆಯ ಮೇಲೆ ನೇರವಾಗಿ ಓಡಲು, ಪಕ್ಕದ ಗಾಳಿಗೆ ಜಾರಿಹೋಗದಿರಲು ಅದು ಬೇಕು, ಆದರೆ ಅದರಿಂದಲೇ ದೋಣಿ ಬಹಳ ಭಾರವಾಗುತ್ತದೆ. ಉಪ್ಪುನೀರಿನಲ್ಲಿ ಮರವನ್ನು ಕೊರೆದು ತಿನ್ನುವ ಹುಳುಗಳಿವೆ, ದೋಣಿಯ ಹೊಟ್ಟೆಗೆ ಅಂಟಿಕೊಂಡು ಓಟವನ್ನೇ ತಗ್ಗಿಸುವ ಚಿಪ್ಪುಜೀವಿಗಳಿವೆ. ಆದ್ದರಿಂದ ಆಗಾಗ ದೋಣಿಯನ್ನು ನೀರಿನಿಂದ ಪೂರ್ತಿ ಮೇಲಕ್ಕೆ ಎಳೆದು, ಕೆರೆದು, ಒಣಗಿಸಿ, ಹಲಗೆಗಳ ಸಂದಿಗೆ ಹತ್ತಿಯ ಹುರಿ ತುರುಕಿ, ಎಣ್ಣೆ ಬಳಿಯಬೇಕು. ಮಳೆಗಾಲದ ತಿಂಗಳುಗಳಲ್ಲಿ ಅದನ್ನು ದಂಡೆಯ ಮೇಲೆಯೇ ಇಡಬೇಕು. ಆ ಭಾರವನ್ನು ಎಳೆಯುವ ದಾರಿಯೇ ಸ್ಲಿಪ್‌ವೇ.

ಒಳ್ಳೆಯ ಹಳೆಯ ಸ್ಲಿಪ್‌ವೇಯ ಕಾಲು ನೀರಿನ ಅತಿ ಕೆಳಗಿನ ಮಟ್ಟದಲ್ಲಿಯೂ ತಲೆ ಅತಿ ಮೇಲಿನ ಮಟ್ಟಕ್ಕಿಂತ ಎತ್ತರದಲ್ಲಿಯೂ ಇರುತ್ತದೆ. ಎಂಟು ಅಡಿಗೆ ಒಂದು ಅಡಿಯಂತೆ ಏರಿದರೆ ಅದು ಕಡಿದಾದ ಇಳಿಜಾರು, ಇಪ್ಪತ್ತು ಅಡಿಗೆ ಒಂದು ಅಡಿಯಂತೆ ಏರಿದರೆ ನಿಧಾನವಾದದ್ದು. ಕಡಿದಾದರೆ ಎಳೆಯುವವರಿಗೆ ಕಷ್ಟ, ನಿಧಾನವಾದರೆ ಕಟ್ಟೆಯನ್ನು ನೀರಿನೊಳಗೆ ಬಹು ದೂರ ಕಟ್ಟಬೇಕು. ಈ ಎರಡರ ನಡುವೆ ಕಟ್ಟಿದವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ನೋಡಿದರೆ, ಆ ಬಂದರಿನ ದೋಣಿಗಳು ಎಷ್ಟು ಭಾರದವಾಗಿದ್ದವು, ಎಳೆಯಲು ಎಷ್ಟು ಜನರಿದ್ದರು ಎಂಬ ಅಂದಾಜು ಸಿಗುತ್ತದೆ. ಕಲ್ಲುಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದ್ದರೆ, ಅದು ಕಾಲು ಜಾರದಿರಲೆಂದು ಮಾಡಿದ ಏರ್ಪಾಡು. ಅಡ್ಡಡ್ಡವಾಗಿ ಸವೆದ ಗೆರೆಗಳಿದ್ದರೆ ದಿಮ್ಮಿಗಳನ್ನು ಉರುಳಿಸಿದ ಗುರುತು, ಉದ್ದಕ್ಕೆ ಸವೆದಿದ್ದರೆ ದೋಣಿಯ ಬೆನ್ನುಮರ ತಾನೇ ಉಜ್ಜಿದ ಗುರುತು.

ಈಗ ಹೊತ್ತಿನ ವಿಷಯ, ಇದೇ ಮುಖ್ಯವಾದದ್ದು. ಕೃಷ್ಣೆ ಏರುವುದು ವರ್ಷಕ್ಕೊಮ್ಮೆ, ಅದೂ ಮಳೆಯನ್ನೂ ಅಣೆಕಟ್ಟಿನ ಗೇಟುಗಳನ್ನೂ ಅವಲಂಬಿಸಿ. ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ತಾಸು 25 ನಿಮಿಷ, ಹಾಗಾಗಿ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತಮುತ್ತ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ದಾಭೋಳದ ಕಡೆ ದೊಡ್ಡ ಏರಿಳಿತವೆಂದರೆ ಆಳೆತ್ತರದಷ್ಟು ವ್ಯತ್ಯಾಸ. ಸ್ಲಿಪ್‌ವೇಯ ಕೆಳಗಿನ ಅರ್ಧ, ಅಂದರೆ ನಿಜವಾಗಿ ನೋಡಬೇಕಾದ ಅರ್ಧ, ಉಬ್ಬರದಲ್ಲಿ ಪೂರ್ತಿ ಮುಳುಗಿರುತ್ತದೆ. ನಡುಹಗಲಿಗೆ ಹುಣ್ಣಿಮೆಯ ಉಬ್ಬರದಲ್ಲಿ ಹೋದವರಿಗೆ ನೀರು ಮಾತ್ರ ಕಾಣುತ್ತದೆ.

ಕೊಂಕಣದ ಮೀನುಗಾರರಲ್ಲಿ ಒಂದು ಸರಳ ಲೆಕ್ಕವಿದೆ, ಅದಕ್ಕೆ ನಿಮ್ಮ ಮನೆಯ ಗೋಡೆಯ ಮೇಲಿನ ಪಂಚಾಂಗ ಸಾಕು. ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರದ ಗಂಟೆ ಬರುತ್ತದೆ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು, ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಆರರ ಸುಮಾರಿಗೆ ಉಬ್ಬರ, ನಡುಹಗಲಿಗೆ ಇಳಿತ. ಹುಣ್ಣಿಮೆಯಾದರೆ ಹದಿನೈದರ ಮುಕ್ಕಾಲು ಹನ್ನೊಂದೂ ಕಾಲು. ತದಿಗೆಯಾದರೆ ಎರಡೂ ಕಾಲಿಗೆ ಉಬ್ಬರ, ಅದಕ್ಕಿಂತ ಆರು ತಾಸು ಮೊದಲು, ಬೆಳಿಗ್ಗೆ ಎಂಟರ ಸುಮಾರಿಗೆ, ಇಳಿತ. ಅರ್ಧ ಮುಕ್ಕಾಲು ತಾಸಿನ ಹೆಚ್ಚುಕಡಿಮೆ ಇರುವುದರಿಂದ ಹಿಂದಿನ ದಿನವೇ ದೋಣಿಯವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಹೀಗಾಗಿ ನನ್ನ ಸಲಹೆ ಬಿದಿಗೆ ಅಥವಾ ತದಿಗೆ. ಅಮಾವಾಸ್ಯೆ ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಏರಿಳಿತ ಅತಿ ಹೆಚ್ಚಾಗಿರುತ್ತದೆ, ಇಳಿತವೂ ಬೆಳಗಿನ ಶಾಂತ ಹೊತ್ತಿಗೇ ಬೀಳುತ್ತದೆ. ಏಳೂವರೆಗೆ ದೋಣಿ ಹತ್ತಿದರೆ ಎಂಟಕ್ಕೆ ಕಟ್ಟೆಯ ಕಾಲು ನೀರಿನಿಂದ ಹೊರಗೆ ಬಂದಿರುತ್ತದೆ. ಕಲ್ಲಿನ ಮೇಲೆ ಕೆಳಗಿನಿಂದ ಮೇಲಕ್ಕೆ ಹಸಿರು ಪಾಚಿಯ ಪಟ್ಟಿ, ಬೂದು ಬಿಳಿಯ ಚಿಪ್ಪುಗಳ ಪಟ್ಟಿ, ಅದರ ಮೇಲೆ ಕಪ್ಪು ಕಲೆ, ಕೊನೆಗೆ ಒಣಗಿದ ಬರಿಯ ಕಲ್ಲು ಎಂದು ನೀರು ತಾನೇ ಬರೆದಿಟ್ಟ ಅಳತೆಪಟ್ಟಿ ಕಾಣುತ್ತದೆ. ಆಮೇಲೆ ನೀರು ಏರತೊಡಗುತ್ತದೆ, ಅದೂ ನಿಮಗೆ ಅನುಕೂಲವೇ. ಏರುವ ನೀರಿನಲ್ಲಿ ದೋಣಿಯ ತಳ ಕೆಸರಿಗೆ ತಾಗಿದರೆ ಸ್ವಲ್ಪ ಹೊತ್ತಿಗೆ ನೀರೇ ಎತ್ತಿಬಿಡುತ್ತದೆ. ಇಳಿಯುವ ನೀರಿನಲ್ಲಿ ತಾಗಿದರೆ ಮುಂದಿನ ಏರಿಕೆಯ ತನಕ ಅಲ್ಲಿಯೇ ಕುಳಿತಿರಬೇಕಾಗುತ್ತದೆ. ಇಳಿತದ ವೇಗದ ಹರಿವು ಹೊರಗಿನ ಅಲೆಗೆ ಎದುರಾಗುವ ಅಳಿವೆಯ ಬಾಯಿಗೆ ಮಾತ್ರ ಸಣ್ಣ ದೋಣಿಯಲ್ಲಿ ಹೋಗಲೇಬಾರದು. ಸುಳಿಯ ಬಳಿ ಹರಿಗೋಲು ಹಾಕಬಾರದೆಂದು ನಿಮ್ಮ ತಂದೆಯವರು ಹೇಳಿದ್ದರೆ, ಅದೇ ತೂಕದ ಎಚ್ಚರಿಕೆ ಇದು.

ಈ ಏರಿಳಿತವನ್ನೇ ಕೆಲಸಕ್ಕೆ ಹಚ್ಚಿದ ಒಂದು ದೊಡ್ಡ ಉದಾಹರಣೆ ಇನ್ನೂ ದಕ್ಷಿಣಕ್ಕೆ, ವಿಜಯದುರ್ಗದ ಬಳಿಯ ವಾಘೋಟಣ ಹೊಳೆಯ ದಂಡೆಯಲ್ಲಿದೆ. ಮರಾಠಾ ನೌಕಾಪಡೆಗಾಗಿ ಬಂಡೆಯನ್ನು ಕಡಿದು ಮಾಡಿದ, 100 ಮೀಟರಿಗೂ ಉದ್ದವಾದ ಹಡಗುಕಟ್ಟೆ ಅದು. ಉಬ್ಬರದಲ್ಲಿ ಹಡಗನ್ನು ಒಳಗೆ ತೇಲಿಸಿ ತಂದು, ಇಳಿತದಲ್ಲಿ ನೀರು ಹೋದ ಮೇಲೆ ಬಾಯಿ ಮುಚ್ಚಿ, ಒಣನೆಲದ ಮೇಲೆ ನಿಂತ ಹಡಗನ್ನು ದುರಸ್ತಿ ಮಾಡುತ್ತಿದ್ದರು. ನೂರಾರು ಜನ ಎಳೆಯಬೇಕಾದ ಕೆಲಸವನ್ನು ಅಲ್ಲಿ ಚಂದ್ರನಿಂದ ಮಾಡಿಸಿಕೊಂಡಿದ್ದಾರೆ. ನೀರಿನ ಕೆಲಸ ಬಲ್ಲ ನಿಮ್ಮಂಥವರು ಅದನ್ನು ಒಮ್ಮೆ ನೋಡಲೇಬೇಕು.

ಪ್ರಶ್ನೆ: ನಾನು ಕಲಬುರಗಿಯ ನಿವೃತ್ತ ನೌಕರ. ನಮ್ಮ ಮನೆಯವರಿಗೆ 66 ವರ್ಷ, ಮೊಣಕಾಲು ನೋವಿದೆ. ಇಲ್ಲಿಯವರೆಗೆ ಅವರು ಸಮುದ್ರವನ್ನೇ ಕಂಡಿಲ್ಲ. ದೋಣಿಯಿಂದ ಹಳೆಯ ಕಟ್ಟೆಗೆ ಇಳಿಯುವುದು ಅವರಿಗೆ ಆಗುವ ಮಾತೇ? ಯಾವ ತಿಂಗಳು ಒಳ್ಳೆಯದು?

ಉತ್ತರ: ಆಗುವ ಮಾತು, ಆದರೆ ಎಲ್ಲ ಕಟ್ಟೆಗೂ ಅಲ್ಲ, ಎಲ್ಲ ಹೊತ್ತಿಗೂ ಅಲ್ಲ. ಮೊದಲು ಮೇಲೆ ಹೇಳಿದ ಧೋಪಾವೆಯ ತಾರಿದೋಣಿಯಲ್ಲಿಯೇ ಅವರನ್ನು ಕರೆದೊಯ್ಯಿರಿ. ಅದು ಇಳಿಜಾರು ಕಟ್ಟೆಗೆ ಮುಖವಿಟ್ಟು, ಮುಂದಿನ ಅಗಲವಾದ ಬಾಗಿಲನ್ನು ಕಟ್ಟೆಯ ಮೇಲೆಯೇ ಇಳಿಸುತ್ತದೆ. ಮೆಟ್ಟಿಲಿಲ್ಲದೆ, ಜಿಗಿಯದೆ, ನಿಧಾನವಾಗಿ ನಡೆದುಕೊಂಡು ಹತ್ತಬಹುದು. ಸ್ಲಿಪ್‌ವೇ ಎಂದರೇನು ಎಂಬುದಕ್ಕೂ ಅದು ಇಂದು ಕೆಲಸ ಮಾಡುತ್ತಿರುವ ಒಳ್ಳೆಯ ಉದಾಹರಣೆ.

ಸಣ್ಣ ದೋಣಿಯಿಂದ ಕಲ್ಲಿನ ಮೆಟ್ಟಿಲಿಗೆ ಇಳಿಯುವುದಾದರೆ ನೀರು ಅರ್ಧಕ್ಕಿಂತ ಹೆಚ್ಚು ಏರಿರುವಾಗ ಮಾತ್ರ ಇಳಿಸಬೇಕು. ಆಗ ಮೇಲಿನ ಒಣ ಮೆಟ್ಟಿಲು ದೋಣಿಯ ಅಂಚಿಗೆ ಸಮನಾಗಿ ಬರುತ್ತದೆ. ಅಲೆ ದೋಣಿಯನ್ನು ಎತ್ತಿ ಹಿಡಿದ ಕ್ಷಣದಲ್ಲಿ ಹೆಜ್ಜೆ ಇಡಬೇಕು, ಕೆಳಗಿಳಿಯುತ್ತಿರುವಾಗ ಎಂದಿಗೂ ಇಡಬಾರದು. ಒಬ್ಬರು ಮೆಟ್ಟಿಲ ಮೇಲೆ, ಒಬ್ಬರು ದೋಣಿಯಲ್ಲಿ ನಿಂತು ಮುಂಗೈಗಳನ್ನು ಹಿಡಿದುಕೊಳ್ಳಬೇಕು. ದೋಣಿಗೂ ಕಲ್ಲಿಗೂ ನಡುವೆ ಕೈ ಅಥವಾ ಪಾದ ಹೋಗದಂತೆ ನೋಡಿಕೊಳ್ಳಬೇಕು, ಸಣ್ಣ ದೋಣಿಯ ತೂಕವೂ ಬೆರಳನ್ನು ಜಜ್ಜಲು ಸಾಕು. ಹಸಿರು ಬಣ್ಣದ ಕಲ್ಲಿನ ಮೇಲೆ ಕಾಲಿಡಲೇಬೇಡಿ. ಕೆಲವು ವರ್ಷಗಳ ಹಿಂದೆ ಬೇರೊಂದು ಬಂದರಿನಲ್ಲಿ ನಮ್ಮ ಜೊತೆಗಿದ್ದ ಹಿರಿಯರೊಬ್ಬರು, ಒಣಗಿದಂತೆ ಕಂಡ ಪಾಚಿಯ ಮೆಟ್ಟಿಲ ಮೇಲೆ ಕಾಲಿಟ್ಟು ಜಾರಿ ಮಣಿಕಟ್ಟು ಮುರಿದುಕೊಂಡರು. ಇಳಿಯಲು ಅವಸರಪಡಿಸಿದ್ದು ನಾವೇ ಎಂಬ ನೋವು ನನಗೆ ಇಂದಿಗೂ ಇದೆ. ಇಳಿಯಲು ಆಗದಿದ್ದರೆ ಇಳಿಸಬೇಡಿ, ದೋಣಿಯಲ್ಲಿ ಕುಳಿತೇ ನೋಡಲಿ. ನೋಡಬೇಕಾದದ್ದರಲ್ಲಿ ಹೆಚ್ಚಿನದು ಅಲ್ಲಿಂದಲೇ ಕಾಣುತ್ತದೆ.

ನವೆಂಬರಿನಿಂದ ಫೆಬ್ರವರಿಯವರೆಗೆ ಸಮುದ್ರ ಶಾಂತವಾಗಿರುತ್ತದೆ. ಜೂನಿನಿಂದ ಮಳೆಗಾಲ ಮುಗಿಯುವ ತನಕ ಈ ಯೋಚನೆಯನ್ನೇ ಮಾಡಬೇಡಿ. ಚಳಿಗಾಲದಲ್ಲಿಯೂ ಹನ್ನೊಂದರ ನಂತರ ಕಡಲಗಾಳಿ ಏಳುವುದರಿಂದ ಅಷ್ಟರೊಳಗೆ ದಂಡೆಗೆ ಮರಳಬೇಕು. ಎಲ್ಲರಿಗೂ ಲೈಫ್ ಜಾಕೆಟ್ ಕೊಡದ ದೋಣಿಯನ್ನು ಹತ್ತಬೇಡಿ, ಕೊಟ್ಟದ್ದನ್ನು ಕುಳಿತ ಹಲಗೆಯ ಮೇಲೆ ಹಾಸಿಕೊಳ್ಳದೆ ತೊಟ್ಟುಕೊಳ್ಳಿ. ಬರಿಹೊಟ್ಟೆಯಲ್ಲಿಯೂ ತುಂಬುಹೊಟ್ಟೆಯಲ್ಲಿಯೂ ಹೋಗುವುದು ಬೇಡ. ನಮ್ಮ ಖಡಕ್ ರೊಟ್ಟಿ, ಸ್ವಲ್ಪ ಶೇಂಗಾ ಹಿಂಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಆಹಾರ.

ಪ್ರಶ್ನೆ: ನಮ್ಮ ಶಹಾಬಾದಿನ ಪರಸಿ ಕಲ್ಲನ್ನು ಹಳೆಯ ಬಂದರು ಕಟ್ಟೆಗಳಿಗೆ ಬಳಸಬಹುದಾಗಿತ್ತೇ?

ಉತ್ತರ: ನೆಲಕ್ಕೆ ಹಾಸಲು ಅದಕ್ಕಿಂತ ಒಳ್ಳೆಯ ಕಲ್ಲು ಕಡಿಮೆ, ಆದರೆ ಬಂದರಿನ ಕಟ್ಟೆಗೆ ಅದು ತಕ್ಕದ್ದಲ್ಲ. ಶಹಾಬಾದಿನದು ಪದರಪದರವಾಗಿ ಏಳುವ ಸುಣ್ಣಕಲ್ಲು. ಅಲೆಯ ಹೊಡೆತಕ್ಕೆ ತೆಳುವಾದ ಹಾಸು ನಿಲ್ಲುವುದಿಲ್ಲ, ಅಲ್ಲಿ ಬೇಕಾದದ್ದು ತನ್ನ ತೂಕದಿಂದಲೇ ಕುಳಿತುಕೊಳ್ಳುವ ದಪ್ಪ ಗಟ್ಟಿ. ಕೊಂಕಣದವರು ಕೈಗೆ ಸಿಕ್ಕ ಕಪ್ಪು ಬಸಾಲ್ಟನ್ನೂ ಕೆಂಪು ಜಂಬಿಟ್ಟಿಗೆಯನ್ನೂ ಬಳಸಿದರು. ಈ ಜಂಬಿಟ್ಟಿಗೆಯೇ ಬೀದರಿನ ಕೋಟೆಯ ಕಲ್ಲು ಎಂಬುದನ್ನು ನೆನಪಿಸಬಯಸುತ್ತೇನೆ. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಗುಣ ಅದರದು. ಬೀದರಿನ ಒಣ ಹವೆಯಲ್ಲಿ ಐದಾರು ಶತಮಾನ ನಿಂತಿರುವ ಅದೇ ಕಲ್ಲು ಉಪ್ಪುನೀರಿನ ದಂಡೆಯಲ್ಲಿ ಜೇನುಹುಟ್ಟಿನಂತೆ ತೂತುಬೀಳುತ್ತದೆ. ದೋಣಿಯಿಂದ ನೋಡುವಾಗ ನೀರಿಗೆ ತಾಗುವ ಸಾಲುಗಳಲ್ಲಿ ಕಪ್ಪು ಕಲ್ಲು, ಮೇಲಿನ ಸಾಲುಗಳಲ್ಲಿ ಕೆಂಪು ಕಲ್ಲು ಇದ್ದರೆ, ಕಟ್ಟಿದವನಿಗೆ ಈ ವ್ಯತ್ಯಾಸ ಗೊತ್ತಿತ್ತೆಂದು ತಿಳಿಯಿರಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪದವಿ ಓದುತ್ತಿದ್ದೇನೆ. ಸಮುದ್ರದೊಳಕ್ಕೆ ಚಾಚಿದ, ಬರಿಯ ಕಂಬಗಳು ಉಳಿದಿರುವ ಕಬ್ಬಿಣದ ಪಿಯರ್‌ನ ಚಿತ್ರ ನೋಡಿದ್ದೆ. ಧಕ್ಕೆಗೂ ಪಿಯರ್‌ಗೂ ಏನು ವ್ಯತ್ಯಾಸ? ಇವೆಲ್ಲ ಏಕೆ ಹಾಳುಬಿದ್ದವು?

ಉತ್ತರ: ದಂಡೆಯ ಉದ್ದಕ್ಕೂ ಕಟ್ಟಿದ್ದು ಧಕ್ಕೆ, ದಂಡೆಯಿಂದ ನೀರಿನೊಳಕ್ಕೆ ಚಾಚಿದ್ದು ಪಿಯರ್. ನಮ್ಮ ಕರಾವಳಿಯಲ್ಲಿಯೂ ಕೊಂಕಣದಲ್ಲಿಯೂ ನದಿಗಳ ಅಳಿವೆಗಳೇ ಆಸರೆ ಕೊಡುವುದರಿಂದ ಹೆಚ್ಚಾಗಿ ಧಕ್ಕೆಗಳು ಸಾಕಾದವು. ಅಳಿವೆಯಿಲ್ಲದ ತೆರೆದ ದಂಡೆಯಲ್ಲಿ ಮುರಿಯುವ ಅಲೆಗಳ ಸಾಲನ್ನು ದಾಟಿ ಸರಕು ಸಾಗಿಸುವುದು ಕಷ್ಟ. ಅಲೆ ಮುರಿಯುವ ಜಾಗಕ್ಕಿಂತ ಆಚೆಗೆ ಕಟ್ಟೆಯ ತುದಿಯನ್ನು ಒಯ್ದರೆ ಸಣ್ಣ ದೋಣಿಗಳು ಅಲ್ಲಿಗೆ ಬಂದು ಸರಕನ್ನು ಇಳಿಸಬಹುದು. ಕೇರಳದ ಆಲಪ್ಪುಳದಲ್ಲಿ 1862ರಲ್ಲಿ ಇದೇ ಉದ್ದೇಶಕ್ಕೆ ಕಟ್ಟಿದ ಪಿಯರ್‌ನ ತುಕ್ಕುಹಿಡಿದ ಕಂಬಗಳು ಇನ್ನೂ ನಿಂತಿವೆ. ನೀನು ನೋಡಿದ ಚಿತ್ರ ಅದರದ್ದೇ ಇರಬಹುದು. ಅಲ್ಲಿಯೂ ಹಡಗು ದೂರದಲ್ಲಿಯೇ ನಿಲ್ಲುತ್ತಿತ್ತು, ಪಿಯರ್‌ಗೂ ಹಡಗಿಗೂ ನಡುವಿನ ಕೆಲಸ ಸಣ್ಣ ದೋಣಿಗಳದ್ದೇ ಆಗಿತ್ತು.

ಹಾಳುಬೀಳಲು ಒಂದೇ ಕಾರಣವಿಲ್ಲ. ದಾಭೋಳದ ಮೇಲೆ 1508ರ ಡಿಸೆಂಬರಿನ ಕೊನೆಯಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ ದಾಳಿ ಮಾಡಿ ಊರನ್ನು ಸುಟ್ಟನು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋದ ಮೇಲೆ ಕುದುರೆ ವ್ಯಾಪಾರವೂ ಅಲ್ಲಿಗೆ ಸರಿಯಿತು. ಘಾಟಿನಿಂದ ಪ್ರತಿ ಮಳೆಗಾಲ ಇಳಿದುಬರುವ ಹೂಳು ಹೊಳೆಗಳ ಆಳವನ್ನು ಕಡಿಮೆ ಮಾಡುತ್ತ ಬಂತು, ಅದೇ ಕಾಲಕ್ಕೆ ಹಡಗುಗಳು ದೊಡ್ಡದಾಗುತ್ತ ಹೆಚ್ಚು ಆಳವನ್ನು ಬೇಡತೊಡಗಿದವು. ರೈಲು ಬಂದ ಮೇಲೆ ಸರಕೆಲ್ಲ ಹಳಿಯಿರುವ ಬಂದರಿಗೆ ಹರಿಯಿತು. ನಮ್ಮ ರಾಜ್ಯದಲ್ಲಿಯೇ ನೋಡುವುದಾದರೆ ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ಹಳೆಯ ಮಂಗಳೂರು ಬಂದರಿಗೆ ದೊಡ್ಡ ಹಡಗುಗಳು ಬರಲಾಗದೆ, 1974ರ ಹೊತ್ತಿಗೆ ಪಣಂಬೂರಿನಲ್ಲಿ ಹೊಸ ಬಂದರು ಸಿದ್ಧವಾಯಿತು. ಹಳೆಯ ಧಕ್ಕೆ ಮೀನಿನ ದೋಣಿಗಳಿಗೂ ಸಣ್ಣ ಸರಕಿನ ಹಡಗುಗಳಿಗೂ ಉಳಿಯಿತು. ಹಾಗೆ ಉಳಿದದ್ದನ್ನು ಹಾಳುಬಿತ್ತು ಎಂದು ಕರೆಯಲು ನನಗೆ ಮನಸ್ಸಿಲ್ಲ, ಅಲ್ಲಿ ಈಗಲೂ ಸಾವಿರಾರು ಜನರ ಅನ್ನವಿದೆ.

ಪ್ರಶ್ನೆ: ದಾಭೋಳದ ತನಕ ಹೋಗಲಾಗದವರು ನಮ್ಮ ರಾಜ್ಯದಲ್ಲಿಯೇ ಇಂಥದ್ದನ್ನು ಎಲ್ಲಿ ನೋಡಬಹುದು? (ಯಾದಗಿರಿಯ ಓದುಗರೊಬ್ಬರು)

ಉತ್ತರ: ಉತ್ತರ ಕನ್ನಡದಲ್ಲಿ ತದಡಿಯಿಂದ ಅಘನಾಶಿನಿ ಹಳ್ಳಿಗೆ ದಾಟಿಸುವ ದೋಣಿಯಲ್ಲಿ ಹೋಗಿ ಬನ್ನಿ, ಅಳಿವೆಯೆಂದರೆ ಏನೆಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಕಾರವಾರದಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ ಸದಾಶಿವಗಡವನ್ನು ನೋಡಬಹುದು, ನೌಕಾನೆಲೆಯ ಕಡೆಗೆ ಮಾತ್ರ ದೋಣಿಯನ್ನೂ ಕ್ಯಾಮೆರಾವನ್ನೂ ತಿರುಗಿಸಬೇಡಿ. ಒಂದನ್ನೇ ಆರಿಸಿಕೊಳ್ಳುವುದಾದರೆ ನಾನು ಮಂಗಳೂರಿನ ಸುಲ್ತಾನ್ ಬತ್ತೇರಿಯನ್ನು ಹೇಳುತ್ತೇನೆ. ಗುರುಪುರ ನದಿಯೊಳಕ್ಕೆ ಶತ್ರುಹಡಗುಗಳು ಬರದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಅದರ ಬುಡದಿಂದಲೇ ತಣ್ಣೀರುಬಾವಿಗೆ ತಾರಿದೋಣಿ ಹೋಗುತ್ತದೆ. ಹೋಗುವಾಗ ದೋಣಿಯ ಹಿಂಭಾಗದಲ್ಲಿ ಕುಳಿತು ಬುರುಜಿನ ಕಡೆಗೆ ಮುಖ ಮಾಡಿ. ನದಿಯ ನಡುಮಧ್ಯಕ್ಕೆ ಬಂದಾಗ ಗೋಡೆಯ ತೋಪುಗಿಂಡಿಗಳು ನೇರವಾಗಿ ನಿಮ್ಮನ್ನೇ ನೋಡುತ್ತವೆ.